ತೊಂಬತ್ತೊಂದು ಡಿಗ್ರಿ

ಲಿಯೆಪಾಯಾ. ಗಾಳಿಗೆ ಈ ಊರೇ ತವರು.
ಸಮುದ್ರದಿಂದೆದ್ದು, ಟ್ರಾಮಿನ ತಂತಿ ಮೀಟಿ,
ನಮ್ಮ ಮೂರನೇ ಮಹಡಿಯ ಕಿಟಕಿಯ ಸಂದಿನಲ್ಲಿ
ಉಸಿರು ಕಟ್ಟಿ ನಿಲ್ಲುತ್ತದೆ.
ಆದರೆ ಇವತ್ತು ಊಳಿಡುತ್ತಿದ್ದದ್ದು ಅದಲ್ಲ,
ಮೇಜಿನ ಮೇಲಿನ ಕಂಪ್ಯೂಟರು.

ನಾನು ಸ್ಕೈದ್ರೀತೆ. ಪಿಯಾನೊಗಳಿಗೆ ಶ್ರುತಿ ಕಟ್ಟುವವಳು,
ಮೂವತ್ತನಾಲ್ಕು ವರ್ಷದಿಂದ.
ಈ ಯಂತ್ರದ ಫ್ಯಾನಿನ ಸ್ವರವೂ ನನಗೆ ಗೊತ್ತು:
ಬೇಸಗೆಯಲ್ಲಿ ಒಂದು, ಹೀಟರ್ ಹಚ್ಚಿದ ಮೇಲೆ ಇನ್ನೊಂದು.
ಈ ವಾರ ಅರ್ಧ ಸ್ವರ ಮೇಲೇರಿ ಕೂತಿದೆ,
ಇಳಿಯಲೊಲ್ಲದು.

ಕೆಳಮನೆಯ ನೌರಿಸ್ ಒಂದು ಆ್ಯಪ್ ಹಾಕಿಕೊಟ್ಟ.
"ಇದು ನಾಡಿ ಹಿಡಿದು ನೋಡುತ್ತದೆ, ಕಸವನ್ನೂ ಗುಡಿಸುತ್ತದೆ,
ನೀವು ಹೂಂ ಅಂದರೆ ಸಾಕು."
ಹೂಂ ಅನ್ನುವುದು ನನ್ನ ಜಾಯಮಾನವಲ್ಲ.
ಆದರೂ ಅಂದೆ.

ಮುಳ್ಳು ಕೆಂಪಿಗೆ ವಾಲಿತು. ಶಾಖ ತೊಂಬತ್ತೊಂದು.
ಯಾರು ಯಾರು ಎಷ್ಟೆಷ್ಟು ತಿನ್ನುತ್ತಿದ್ದಾರೆಂದು ಪಟ್ಟಿ ಬಂತು:
ಎಲ್ಲರಿಗಿಂತ ಮೇಲೆ, ನಲವತ್ತು ದಿನದಿಂದ
ಮುಚ್ಚದೇ ಬಿಟ್ಟ ಹವಾಮಾನದ ಪುಟ.
ಗಾಳಿ ಎಷ್ಟೆಂದು ಕಿಟಕಿಯೇ ಹೇಳುತ್ತಿರುವಾಗ
ಅದನ್ನೇಕೆ ಕೇಳುತ್ತಿದ್ದೆನೊ. ಮುಚ್ಚಿದೆ.
ಎಂಬತ್ತೊಂಬತ್ತು.

ಆಮೇಲೆ ಅದು ಮೆಲ್ಲಗೆ, ಸಂಕೋಚದ ನೆಂಟನ ಹಾಗೆ:
"ಒಂದೇ ತೆರನ ಕಡತಗಳು, ಸಾವಿರದ ಒಂಬೈನೂರ ಆರು.
ಹನ್ನೊಂದು ಜಿಬಿ. ಅಳಿಸಲೇ?"
ತೆರೆದು ನೋಡಿದರೆ ನನ್ನವೇ ಧ್ವನಿಮುದ್ರಣಗಳು.
ಹೋದ ಮನೆಮನೆಯ ಪಿಯಾನೊದ ನಡುವಿನ 'ಲಾ',
ಕಟ್ಟುವ ಮೊದಲು ಒಮ್ಮೆ, ಕಟ್ಟಿದ ಮೇಲೆ ಒಮ್ಮೆ.
ಎಲ್ಲವೂ ಹತ್ತು ಸೆಕೆಂಡು, ಎಲ್ಲವೂ ಒಂದೇ ಸ್ವರ,
ಆ್ಯಪ್ಪಿಗೆ.
ಇದು ಬಂದರಿನ ಶಾಲೆಯದು, ಬೆಂಚು ಕಿರುಗುಟ್ಟಿದ್ದೂ ಕೇಳುತ್ತದೆ.
ಇದು ನಾವಿಕರ ಹಳೇ ಕ್ಲಬ್ಬಿನದು, ಯಾರೋ ಒಳಗೆ ಬಿಯರ್ ಚೆಲ್ಲಿದ್ದರು.
ಇದು ಝೆಲ್ಮಾ ಅಜ್ಜಿಯದು. ಹಿಂದೆ ನಿಂತು ಅವಳು
"ಇನ್ನೂ ತಗ್ಗಿದೆ, ಇನ್ನೂ ತಗ್ಗಿದೆ" ಎನ್ನುತ್ತಿದ್ದಾಳೆ.
ತಗ್ಗಿಯೇ ಇತ್ತು.
ಬೇಡ ಎಂದೆ. ಮತ್ತೆ ಕೇಳಿತು. ಬೇಡ.

ಮುಂದಿನ ಗುಂಪು: "ಒಂದು ಪತ್ರ, ಹತ್ತೊಂಬತ್ತು ಪ್ರತಿ."
ಹೆಸರು ಕಂಡೊಡನೆ ಕಿವಿ ಬಿಸಿಯಾಯಿತು.
ಗುನ್ವಾಲ್ದಿಸ್‌ಗೆ.
ಗುನ್ವಾಲ್ದಿಸ್‌ಗೆ, ಕೊನೆಯದು.
ಗುನ್ವಾಲ್ದಿಸ್‌ಗೆ, ನಿಜಕ್ಕೂ ಕೊನೆಯದು.
ಹದಿನೆಂಟು ವರ್ಷ ನನ್ನೊಡನೆ ಅಂಗಡಿ ನಡೆಸಿ
ಒಂದು ಬೆಳಗ್ಗೆ ಗಿರಾಕಿಗಳ ವಹಿಯನ್ನೂ
ನನ್ನಪ್ಪನ ಶ್ರುತಿಕವೆಯನ್ನೂ ಚೀಲಕ್ಕೆ ಹಾಕಿಕೊಂಡು
ವೆಂಟ್‌ಸ್ಪಿಲ್ಸಿಗೆ ಹೊರಟುಹೋದವನು.
ಒಂದನ್ನೂ ಕಳಿಸಿರಲಿಲ್ಲ. ಬೈಗುಳ ತಿದ್ದುತ್ತಲೇ ಇದ್ದೆ:
ಮೂರನೆಯದರಲ್ಲಿ ಕಳ್ಳ, ಒಂಬತ್ತನೆಯದರಲ್ಲಿ ಕಿವುಡ,
ಹದಿನಾಲ್ಕನೆಯದರಲ್ಲಿ, ಯಾವ ಮಬ್ಬಿನಲ್ಲೋ, ಪ್ರಿಯ ಗುನ್ವಾಲ್ದಿಸ್.

"ಅತಿ ಹಳೆಯದನ್ನು ಉಳಿಸಿ ಮಿಕ್ಕಿದ್ದು ಅಳಿಸಲೇ?"
ಹಳೆಯದನ್ನೇ ಏಕೆ? ಅದರಲ್ಲಿ ಬರೀ ವಿಷ.
ಎಲ್ಲ, ಎಂದೆ. ಹತ್ತೊಂಬತ್ತೂ.
ಗೋಡೆ ಕೆಡವಿದವಳ ಹಾಗೆ ಕಣ್ಣು ಮುಚ್ಚಿಕೊಂಡೆ.
ತೆರೆದರೆ: "ಅರ್ಧ ಎಂಬಿ ತೆರವಾಗಿದೆ."

ಅಷ್ಟೇ?
ಆರು ವರ್ಷ ಎದೆಯ ಮೇಲಿಟ್ಟುಕೊಂಡು ಮಲಗಿದ್ದು
ಝೆಲ್ಮಾ ಅಜ್ಜಿಯ ಒಂದು ಗೊಣಗಿನಷ್ಟೂ ತೂಗಲಿಲ್ಲ.

ಶಾಖ ಮಾತ್ರ ಎಂಬತ್ತೆಂಟು. ಫ್ಯಾನು ಅದೇ ಪಟ್ಟಿನಲ್ಲಿ.
ಆ್ಯಪ್ ಹಸಿರು ಗುರುತು ಹಾಕಿ "ಎಲ್ಲ ತಿಳಿ" ಎಂದಿತು.
ನನ್ನ ಹೆಸರಿನ ಅರ್ಥವೂ ಅದೇ.
ಹೆಸರಿನಿಂದ ಆಗುವ ಕೆಲಸವಲ್ಲ ಇದು ಎಂದು ಬಲ್ಲೆ.

ಪ್ಲಗ್ ಕಿತ್ತು, ಬೋರಲು ಹಾಕಿ, ತಿರುಪು ಬಿಚ್ಚಿದೆ.
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು, ಬೂದಿಬಣ್ಣದ, ಮೆತ್ತನೆಯ,
ಇಲಿಮರಿಯಷ್ಟು ದಪ್ಪದ ಗಂಟು.
ಬೆರಳಲ್ಲಿ ಹೊಸಕಿದೆ. ದೂಳಲ್ಲ.
ಉಣ್ಣೆ. ಪಿಯಾನೊದ ಸುತ್ತಿಗೆಗಳ ಉಣ್ಣೆ,
ಇದೇ ಮೇಜಿನ ಮೇಲೆ ನಾನು ಉಜ್ಜಿ ಉಜ್ಜಿ ಹದ ಮಾಡಿದ್ದು.

ಆ ಕೆಲಸದ ಕುಂಚದಿಂದಲೇ ಬಿಡಿಸಿ ತೆಗೆದೆ.
ಮುಚ್ಚಿ ಚಾಲೂ ಮಾಡಿದೆ. ಅರವತ್ತಮೂರು.
ಸ್ವರ ಇಳಿದು, ಇಳಿದು, ಕೇಳದಾಯಿತು;
ಆಗ ಕಿಟಕಿಯ ಗಾಳಿ ಕೇಳಿಸಿತು,
ಕಾಲು ಸ್ವರ ತಗ್ಗಿ.
ಅದಕ್ಕೆ ನಾನೇನೂ ಮಾಡಲಿಲ್ಲ.