ಕೈಮರದಾಚೆ

ವಾರವೆಲ್ಲ ನಾನು ಓದುವುದು ಮೀಟರು:
ಗೋಡೆಗಂಟಿದ ಕಪ್ಪು ಪೆಟ್ಟಿಗೆ, ಜೇಡರ ಬಲೆ,
ಒಳಗೆ ಕೆಂಪಗೆ ಮಿಣುಕುವ ಅಂಕಿ.
"ಈ ಸಲ ಯಾಕಮ್ಮ ಇಷ್ಟು?"
ಉಪ್ಪಳ್ಳಿಯಲ್ಲಿ ಮನೆಗೊಂದು ಬೈಗುಳ.
ಚೀಟಿ ಹರಿದು ಕೊಟ್ಟು ಮುಂದಿನ ಗೇಟು.
ನಾಯಿಗಳಿಗೆಲ್ಲ ನನ್ನ ಗುರುತುಂಟು.

ಭಾನುವಾರ ಮಾತ್ರ ಬೇರೆ ಮೀಟರು.
ಊರು ಸಾವಿರದ ತೊಂಬತ್ತು,
ಮುಳ್ಳಯ್ಯನಗಿರಿ ಸಾವಿರದ ಒಂಬೈನೂರ ಮೂವತ್ತರ ಸುಮಾರು.
ಕಳೆದರೆ ಎಂಟುನೂರ ನಲವತ್ತು.
ಅದರ ಬಿಲ್ಲು ತೊಡೆಗೆ ಬರುತ್ತದೆ.

ಸೈಕಲ್ಲು ಯಾವನೋ ಎಸ್ಟೇಟ್ ರೈಟರ ಮಗನದು,
ಮೂರೇ ತಿಂಗಳಿಗೆ ಬೈಕಿಗೆ ಹಾರಿದವನದು.
ಅಂಡೆ ಛತ್ರದ ಹತ್ತಿರ ಬಾಶು ಸಾಬರ ಅಂಗಡಿಯಲ್ಲಿ
ಬಾವಲಿಯ ಹಾಗೆ ತಲೆಕೆಳಗಾಗಿ ತೂಗುತ್ತಿತ್ತು.
ನಾಲ್ಕು ಕಂತು.
ಹಿಂದಕ್ಕೆ ದೊಡ್ಡ ಹಲ್ಲುಚಕ್ರ ಕೂರಿಸಿಕೊಟ್ಟು ಅಂದರು:
"ಏರೋದನ್ನ ಇದು ನೋಡ್ಕೊಳ್ಳುತ್ತೆ ಬೇಟಿ,
ಇಳಿಯೋದನ್ನ ನೀನು ನೋಡ್ಕೊ."

ಕೈಮರದ ಗೇಟಿನಲ್ಲಿ ಗಾರ್ಡ್ ಶೇಷಪ್ಪ
ಮಂಕಿಟೋಪಿಯೊಳಗಿಂದ, "ಗಾಡಿ ನಂಬರ್?"
ಇಲ್ಲ ಅಂದೆ.
ಆ ಕಾಲಂ ಖಾಲಿ ಬಿಡುವಂತಿಲ್ಲವಂತೆ.
ಪೆನ್ನು ಕಚ್ಚಿ, ಯೋಚಿಸಿ, ಬರೆದ:
"ಹೆಂಗಸು, ಒಂದು."

ಮೊದಲ ತಿರುವು ಮರ್ಯಾದಸ್ಥ.
ಎರಡನೆಯದು ನಗುತ್ತಲೇ ಕೈ ಹಿಡಿದು ತಿರುಚುತ್ತದೆ.
ಮೂರನೆಯದರ ಒಳಮಗ್ಗುಲು ಗೋಡೆ;
ಅದನ್ನು ರಸ್ತೆ ಅಂದವನನ್ನು ಹುಡುಕುತ್ತಿದ್ದೇನೆ.
ಹೊರಮಗ್ಗುಲಲ್ಲಿ ಹೋಗೇ, ಸುತ್ತಾದರೂ ಸರಿ, ಅಂತ ಕಾಲು.
ಅಲ್ಲಿ ಕಂದರ ಇದೆಯಲ್ಲೇ, ಅಂತ ಹೊಟ್ಟೆ.
ಇನ್ನೊಂದು ಗೇರು ಇದ್ದೀತೇನೋ ಎಂದು ಹೆಬ್ಬೆರಳು ಒತ್ತುತ್ತದೆ,
ಟಿಕ್.
ತಿಂಗಳ ಇಪ್ಪತ್ತೆಂಟನೇ ತಾರೀಖಿನ ಪರ್ಸು.

ಹಿಂದಿನಿಂದ ಟೆಂಪೊ ಟ್ರಾವೆಲರ್.
ಕಿಟಕಿ ತುಂಬ ಮೊಬೈಲು, ಚಪ್ಪಾಳೆ, "ಆಂಟಿ ಸೂಪರ್!"
ಅವರ ಹೊಗೆ ನುಂಗಿ ನಾನು ಸೂಪರ್ ಆದೆ.
ಎರಡು ತಿರುವಿನಾಚೆ ಅವರಲ್ಲೊಬ್ಬಳು
ಬಾಗಿಲು ಹಿಡಿದು ವಾಂತಿ ಮಾಡುತ್ತಿದ್ದಳು.
ಬಾಟಲಿ ಕೊಟ್ಟೆ. ಅರ್ಧ ನೀರು ಹೋಯಿತು.

ಕಾಫಿ ಹಿಂದೆ ಉಳಿಯಿತು. ಆಮೇಲೆ ಮರ.
ಹುಲ್ಲು ಮಾತ್ರ ಜೊತೆಗೆ ಏರುತ್ತಿದೆ, ಏದುಸಿರಿಲ್ಲದೆ.
ಹನ್ನೆರಡು ವರ್ಷ ಸುಮ್ಮನಿದ್ದು ಅರಳುವ ಗುರಿಗೆ ಗಿಡ
ನಿನಗೇನವಸರ ಅಂತ ಕೇಳುವುದಿಲ್ಲ, ಪುಣ್ಯ.

ಇಳಿದೆ.
ಹೇಳಬಾರದು ಅಂತಿದ್ದೆ. ಇಳಿದೆ.
ಕೊನೆಯಿಂದ ಎರಡನೇ ತಿರುವಿನಲ್ಲಿ
ಮುಂದಿನ ಚಕ್ರ ಬೆದರಿದ ಕುದುರೆಯಾಗಿ ಎದ್ದಿತು,
ಒಂದು ಕಾಲು ತಾನಾಗಿ ನೆಲ ಹುಡುಕಿತು.
ಹಟ ಹಿಡಿದ ಎಮ್ಮೆಯನ್ನು ನೂಕುವಂತೆ
ಸೈಕಲ್ಲನ್ನು ನೂಕಿಕೊಂಡು ಮೂವತ್ತು ಹೆಜ್ಜೆ.
ಯಾರೂ ನೋಡಲಿಲ್ಲ. ನಾನು ನೋಡಿದೆ.
ಎಣಿಸಿಯೂ ಬಿಟ್ಟೆ, ಕಸುಬಿನ ರೋಗ.

ಮೇಲೆ ಮಂಜು. ನೋಟ ಗೀಟ ಏನಿಲ್ಲ.
ಮೆಟ್ಟಿಲ ಬುಡಕ್ಕೆ ಸೈಕಲ್ ಒರಗಿಸಿ
ಕಡಲೆ ಚಿಕ್ಕಿ ಮುರಿದೆ; ಬೆವರು ತಣ್ಣಗೆ
ಬೆನ್ನಿಗೆ ಒದ್ದೆ ಗೋಣಿಯಾಗಿ ಅಂಟಿತು.
ಒಮ್ಮೆ, ಒಂದೇ ಒಂದು ಸಲ, ಮಂಜಿಗೆ ತೂತು ಬಿತ್ತು:
ಕೆಳಗೆ ಅಂಗೈಯಗಲ ಊರು,
ಬೆಳಕು ಹರಿದರೂ ಆರಿಸದ ದೀಪ ಎಲ್ಲೋ ಎರಡು.
ಯಾರದೋ ಯೂನಿಟ್ಟು ಓಡುತ್ತಿದೆ.

ಇನ್ನು ಬಾಶು ಸಾಬರ ಪಾಲು.
ಬ್ರೇಕಿನ ಮೇಲೆ ಎರಡೆರಡು ಬೆರಳು,
ಹಿಡಿ, ಬಿಡು, ಹಿಡಿ, ಬಿಡು,
ಒದೆಯುವ ಹಸುವಿನ ಹಾಲು ಕರೆದ ಹಾಗೆ.
ಸುಟ್ಟ ರಬ್ಬರಿನ ವಾಸನೆ. ಕಣ್ಣಲ್ಲಿ ಗಾಳಿಯ ನೀರು.
ಎದುರಿನ ಜೀಪಿಗೆ ಜಾಗ ಬಿಟ್ಟಾಗ
ಮಣ್ಣಂಚಿನ ಮೇಲೆ ಚಕ್ರ ಒಂದು ಗೇಣು ಜಾರಿತು.
ಆ ಒಂದು ಗೇಣಿನಲ್ಲಿ
ಅಮ್ಮನಿಗೆ ಎಲ್ಲಿಗೆ ಹೋಗುತ್ತೇನೆಂದು ಹೇಳಿಲ್ಲದ್ದು ನೆನಪಾಯಿತು.

ಮೂವತ್ತು ಹೆಜ್ಜೆಯ ತಿರುವಿನಲ್ಲಿ ನಿಂತೆ.
ಜೇಬಿನಲ್ಲಿ ಹೇಗೂ ಇರುತ್ತದೆ ಸೀಮೆಸುಣ್ಣ;
ರಸ್ತೆಬದಿಯ ಕಲ್ಲಿಗೆ ತಾರೀಖು ಹಾಕಿದೆ.
ಹಿಂದಿನ ರೀಡಿಂಗ್ ಇಲ್ಲದೆ
ಮುಂದಿನದನ್ನು ಬರೆಯಲು ಬರುವುದಿಲ್ಲ.
ಮಳೆ ಬಂದರೆ ಅಳಿಸುತ್ತದೆ, ಗೊತ್ತು.

ಕೈಮರದಲ್ಲಿ ಶೇಷಪ್ಪ ಪುಸ್ತಕ ಬಿಚ್ಚಿದ.
"ಪೂರ್ತಿ ಹೊಡೆದ್ರಾ?"
"ಮೂವತ್ತು ಹೆಜ್ಜೆ ಕಡಿಮೆ," ಅಂದೆ.
ಹಾಳೆಯ ಉದ್ದಕ್ಕೂ ಬೆರಳಾಡಿಸಿದ.
ಅದಕ್ಕೆ ಕಾಲಂ ಇರಲಿಲ್ಲ.