ಏಳನೇ ಕಾಲಂ

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹದಿನಾರು ವರ್ಷ ತೂಕ ಬರೆದವಳು ನಾನು.
ಚೆರ್ರಿ, ಪಾರ್ಚ್‌ಮೆಂಟು, ಕರಿಮೆಣಸು,
ತೇವ ಇಷ್ಟು, ಹೊಟ್ಟು ಇಷ್ಟು.
ಚೀಲದೊಳಗೆ ಕೈ ಇಟ್ಟರೆ ಸಾಕು,
ಮೋಸ ಬೆರಳಿಗೇ ಗೊತ್ತಾಗುತ್ತದೆ.

ಅದಕ್ಕೇ ಕರೆಸಿದರು ಬಿರುನಾಣಿ ಕಡೆಯವರು.
ದೇವರಕಾಡಿನ ಅಂಚಿಗೆ ರೆಸಾರ್ಟಿನ ಬೇಲಿ ಬಂದು ನಿಂತಿದೆ,
ಕಾಡಿನಿಂದ ಏನೇನು ಲಾಭ ಅಂತ
ಬರೆದು ತೋರಿಸಿದರೆ ಉಳಿದೀತು ಅಂತ.
ಅರವತ್ತು ಪುಟದ ರಿಜಿಸ್ಟರು. ಏಳನೇ ಕಾಲಂ: ಉಪಯೋಗ.
"ಯಾವುದನ್ನೂ ಖಾಲಿ ಬಿಡಬೇಡಿ" ಎಂದರು
ಕಾರ್ಯದರ್ಶಿ ಪೂಣಚ್ಚ, ಒಳ್ಳೆಯ ಮನುಷ್ಯ.

ಹೆಸರು ಹೇಳಲು ಎರವರ ಚಾತಣ್ಣ ಬಂದ,
ಕಾಲಲ್ಲಿ ಮಗನ ಹಳೇ ಬೂಟು, ಲೇಸಿಲ್ಲ.
ಮೊದಲ ದಿನ ಸಲೀಸು.
ಬೈನೆ: ಕಳ್ಳು, ಆನೆಗೆ ಮೇವು.
ಧೂಪ: ಹೆಸರೇ ಹೇಳುತ್ತದೆ.
ಹೆಜ್ಜೇನು: ಹೂಮಳೆ ಬಿದ್ದ ಮೇಲೆ ಸುತ್ತಲ ತೋಟಕ್ಕೆಲ್ಲ
ಕಾಯಿ ಕಟ್ಟಿಸುವ ಬಿಟ್ಟಿ ಚಾಕರಿ,
ಎಕರೆಗೆ ಇಷ್ಟು ಚೀಲ, ಚೀಲಕ್ಕೆ ಇಷ್ಟು ರೂಪಾಯಿ.
ತೊರೆ: ಬೇಸಿಗೆಯಲ್ಲಿ ಹನ್ನೆರಡು ಮನೆಗೆ ನೀರು.
ಕೂಡಿಸುತ್ತ ಹೋದೆ. ಸುಖವಾಗಿತ್ತು, ಸುಳ್ಳೇಕೆ.

ಎರಡನೇ ದಿನ ಮಧ್ಯಾಹ್ನ, ಒಂದು ಮರದ ಹತ್ತಿರ
ಚಾತಣ್ಣ ಕಾಲುದಾರಿ ಬಿಟ್ಟು ಇಳಿದು ಬಳಸಿ ನಡೆದ.
"ಚೇರು" ಅಂದ. "ಮುಟ್ಟಬೇಡಿ, ಬೊಬ್ಬೆ ಏಳುತ್ತೆ."
ಸೌದೆಗೆ?
ಹೊಗೆ ತಾಗಿದರೆ ಕಣ್ಣು ಊದುತ್ತೆ.
ಮೋಪಿಗೆ?
ಕೊಡಲಿ ಹಾಕೋರು ಯಾರು.
ಮದ್ದಿಗೆ?
ಇದು ತಾಗಿದರೇ ಮದ್ದು ಬೇಕು.
ಹಾಗಾದರೆ ಯಾತಕ್ಕೆ ಇದು?
ಚಾತಣ್ಣ ನನ್ನ ಕಡೆ ನೋಡಿದ,
ನಾನು ಅವನನ್ನೇ ಯಾತಕ್ಕೆ ಅಂತ ಕೇಳಿದ ಹಾಗೆ.

ತೊಗಟೆಯ ಮೇಲೆ ಕಪ್ಪು ಸೊನೆ ಒಣಗಿತ್ತು.
ಎಲ್ಲೋ ಮೇಲಿಂದ ಒಂದು ಎಲೆ ಬಿಡಿಸಿಕೊಂಡು
ಅವಸರವಿಲ್ಲದೆ ಇಳಿಯಿತು.
ನಾನೂ ದಾರಿ ಬಿಟ್ಟು ಇಳಿದೆ.

ಪೆನ್ನು ಹಿಡಿದು ತುಂಬ ಹೊತ್ತು ನಿಂತೆ.
ನಿನ್ನೆ ಜೇನಿಗೆ ಹಾಕಿದ ಬೆಲೆ ನೆನಪಾಯಿತು.
ನಾಳೆ ಯಾರಾದರೂ ಅದಕ್ಕಿಂತ ಅಗ್ಗಕ್ಕೆ
ಪೆಟ್ಟಿಗೆಜೇನು ತಂದಿಟ್ಟರೆ?
ಹನ್ನೆರಡೂ ಮನೆಗೆ ಬೋರು ಕೊರೆಸಿಕೊಟ್ಟರೆ?
ನನ್ನದೇ ಕೈಬರಹದ ಪಟ್ಟಿ ಹಿಡಿದು
ಕಾಡಿನ ಬಾಗಿಲಿಗೆ ಬಂದಾರು,
ಚುಕ್ತಾ ಅಂದಾರು.

ಏಳನೇ ಕಾಲಂನಲ್ಲಿ ಬರೆದೆ:
ಇದೆ.

ಪೂಣಚ್ಚ ಕನ್ನಡಕ ಏರಿಸಿ ಓದಿದರು.
"ಇದೆಯಲ್ಲ, ಒಳ್ಳೆಯದೇ ಆಯಿತು.
ಎಷ್ಟು ಅಂತ ಹಾಕಿಲ್ಲವಲ್ಲ?"
ನಾನು ಬರೆದದ್ದು ಮರದ ಮಾತು,
ಉಪಯೋಗದ್ದಲ್ಲ ಅಂತ ಹೇಳಲಿಲ್ಲ.

ಎಲ್ಲಿ ತಗುಲಿತ್ತೋ, ಮೊಣಕೈ ಒಳಗೆ ಉರಿ.
ಸೋಮವಾರ ಮಿಲ್ಲಿನಲ್ಲಿ ತೂಕ ಬರೆಯುವಾಗಲೂ
ಎಡಗೈ ಆ ಬೊಬ್ಬೆಯ ಸುತ್ತಲೇ ಓಡಾಡುತ್ತಿತ್ತು,
ಮುಟ್ಟದೆ.