ಬೀಗದ ಕೈ ಹನ್ನೊಂದು

ಫ್ರಿಜ್ ಒಂದು, ಚಾಲನೆಯಲ್ಲಿದೆ.
ತಕ್ಕಡಿ ಎರಡು. ಒಂದು ಅರ್ಧ ಕಿಲೋ ಸುಳ್ಳು ಹೇಳುತ್ತದೆ,
ಅದನ್ನು ಬರೆಯುವುದು ಬೇಡ ಎಂದರು, ಬರೆದೆ.
ಮೋಟಾರು ದೋಣಿ ಒಂದು. ಎಂಜಿನ್ನು
ನೆರೆ ಏರಿದ ವಾರವೇ ಕೈಕೊಡುವ ಜಾತಿಯದು.
ಬೀಗದ ಕೈ ಹನ್ನೊಂದು, ಬೀಗ ಒಂಬತ್ತು.

ಮರೈಕೆ ಓದುತ್ತಾಳೆ, ನಾನು ಗುರುತು ಹಾಕುತ್ತೇನೆ.
ಮಾವಿನ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ
ಕನ್ನಡಕಕ್ಕೆ ದಾರ ಕಟ್ಟಿದ ಅಕಲೇಂವಾ ಮೇಷ್ಟ್ರು,
ಈಗ ನದಿಬಯಲು ಆರೋಗ್ಯ ಸಂಘದ ಅಧ್ಯಕ್ಷರು,
ಒಪ್ಪಂದದ ಮೂರನೆಯ ಪುಟದಲ್ಲಿ
ಅಕ್ಷರದ ತಪ್ಪು ತಿದ್ದುತ್ತಿದ್ದಾರೆ.

ಗೋಡೆಯ ಮೇಲಿನ ಅವರ ಬಾವುಟಕ್ಕೆ
ನಿನ್ನೆಯೇ ಸುಣ್ಣ ಬಳಿದಾಯಿತು.
ಒಂದೇ ಕೋಟು. ಸಂಜೆ ಬಿಸಿಲು ಓರೆಯಾಗಿ ಬಿದ್ದರೆ
ಕೆಂಪು ಇನ್ನೂ ಇಣುಕುತ್ತದೆ.

ಕಡತ ನಾನೂರ ಹದಿಮೂರು.
ಹೌದು, ಅಷ್ಟೇ. ಆದರೆ ಇದನ್ನು ಯಾವ ಸಾಲಿಗೆ ಬರೆಯಲಿ?
ನಾಮಕಾವ್ ತನ್ನ ಮಾತ್ರೆಗಳನ್ನು
ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿಡುತ್ತಾಳೆ, ಗಂಡನಿಗೆ ಗೊತ್ತಿಲ್ಲ.
ಮುಬಿಯಾನಾ ಮೂರು ಕಡೆ ಮೂರು ಹೆಸರು ಕೊಟ್ಟವನು,
ಹೆಸರು ಮೂರು, ಕೆಮ್ಮು ಒಂದೇ.
ನೀರು ಬಂದು ಊರಿಗೆ ಊರೇ ದೋಣಿ ಹತ್ತಿ ದಿಬ್ಬ ಸೇರಿದಾಗ
ಯಾರು ಯಾರ ಹಿತ್ತಿಲಲ್ಲಿ ತಂಗುತ್ತಾರೆ ಎಂಬುದು
ನನ್ನ ತಲೆಯಲ್ಲಿದೆ.
ನನ್ನ ತಲೆ ಪಟ್ಟಿಯಲ್ಲಿಲ್ಲ.

"ಇನ್ನು ಎಲ್ಲ ನಿಮ್ಮದೇ, ನಾಲಿಶೇಬೊ" ಎಂದಳು ಮರೈಕೆ, ಕಣ್ಣು ತುಂಬಿ.
ಕೆಟ್ಟವಳಲ್ಲ. ನಮ್ಮ ಮಲೇರಿಯಾ
ಅವಳನ್ನೂ ಎರಡು ಸಲ ನಡುಗಿಸಿದೆ.
ಆದರೂ ನಗು ಬಂತು.
ಹದಿನಾಲ್ಕು ವರ್ಷ ಈ ಕೈಗಳೇ ಬಾಗಿಲು ತೆರೆದವು, ರಕ್ತ ತೆಗೆದವು,
ದೋಣಿಗೆ ನುಗ್ಗಿದ ನೀರನ್ನು ಬೋಗುಣಿಯಲ್ಲಿ ಮೊಗೆದು ಚೆಲ್ಲಿದವು.
ಈಗ ಇವೇ ಕೈಗಳಿಗೆ ಅದನ್ನೇ ಕೊಡುವುದಕ್ಕೆ
ಒಂದು ಸಮಾರಂಭ, ಎರಡು ಕ್ರೇಟು ಫ್ಯಾಂಟಾ.

"ಪೆಟ್ರೋಲು?" ಮೇಷ್ಟ್ರು ತಲೆ ಎತ್ತಿದರು.
"ಮಾರ್ಚಿನವರೆಗೆ."
ನೆರೆ ಇಳಿಯುವುದು ಜೂನಿಗೆ.
ಯಾರೂ ಮಾತಾಡಲಿಲ್ಲ. ತಗಡಿನ ಮೇಲೆ
ಒಂದು ಮಾವು ಬಿದ್ದು ಉರುಳಿತು.

ನಮ್ಮಲ್ಲಿ ಏನನ್ನಾದರೂ ಪಡೆಯುವವರು
ಮೊಣಕಾಲೂರಿ ಮೆಲ್ಲಗೆ ಚಪ್ಪಾಳೆ ತಟ್ಟಬೇಕು.
ಗೊಂಚಲು ಆಗಲೇ ನನ್ನ ಕೈಯಲ್ಲಿತ್ತು.
ತಟ್ಟಿದರೆ ಹನ್ನೊಂದೂ ಒಟ್ಟಿಗೆ ಕಿಣಿಕಿಣಿ ಎಂದವು,
ಕೊರಳ ಗಂಟೆಯ ದನ ಕಚೇರಿಗೆ ನುಗ್ಗಿದ ಹಾಗೆ.
ಎಲ್ಲರೂ ನಕ್ಕರು. ಮರೈಕೆಯೂ, ಮೂಗೊರೆಸಿಕೊಂಡು.

ಜೀಪಿನ ಧೂಳು ಕೂತ ಮೇಲೆ ಅಂಬಿಗ ಸಿತಾಲಿಯನ್ನು ಕೇಳಿದೆ:
ಎಂಜಿನ್ನಿಲ್ಲದೆ, ನಾಲ್ಕು ಜನ, ಆ ಕೊನೆಯ ದಿಬ್ಬಕ್ಕೆ?
ಅವನು ನೀರನ್ನಲ್ಲ, ತನ್ನ ಭುಜವನ್ನು ನೋಡಿಕೊಂಡ.
ನಸುಕಿಗೆ ಹೊರಟರೆ ಕತ್ತಲಿಗೆ. ಗಾಳಿ ಎದುರಾದರೆ ಮರುದಿನ.
ಔಷಧಿಗೆ ನೆರಳು ಬೇಕು, ಎಂದೆ.
ಹುಲ್ಲಿದೆಯಲ್ಲ, ಹೆಣೆದರಾಯಿತು, ಎಂದ.

ಬೀಗವಿಲ್ಲದ ಎರಡು ಕೈಗಳನ್ನು ಎಸೆಯಲು ಮನಸ್ಸಾಗಲಿಲ್ಲ.
ಸಹಿ ಒಣಗಿದ ಪಟ್ಟಿಯನ್ನು ಮತ್ತೆ ಬಿಡಿಸಿ
ಅವರ ಮುದ್ರೆಯ ಕೆಳಗೆ, ಜಾಗವಿದ್ದಷ್ಟರಲ್ಲಿ, ಸೇರಿಸಿದೆ:
ಹುಟ್ಟು ನಾಲ್ಕು. ಒಂದು ಸೀಳಿದೆ.